ಗಾಡಿಯ ಆಚೆ ಬದಿ

ಇವತ್ತು ನನ್ನ ಗಾಡಿಗೆ ರಜ.
ಚಕ್ರಕ್ಕೆ ಕಲ್ಲು ಕೊಟ್ಟು, ಟಾರ್ಪಾಲು ಬಿಗಿದು,
ಕುಕ್ಕರಹಳ್ಳಿ ಕೆರೆ ಗೇಟಿನ ವಾಚ್‌ಮನ್ನಿಗೆ
'ಒಸಿ ನೋಡ್ಕೊಳಿ' ಅಂದು
ನಾನೂ ನಸೀಮಾನೂ ಹೊರಟೆವು.
ನನ್ನದು ಚುರುಮುರಿ, ಅವಳದು ಹೆಚ್ಚಿದ ಪರಂಗಿಹಣ್ಣು.
ಹನ್ನೊಂದು ವರ್ಷದಿಂದ ಒಂದೇ ಹೊಂಗೆಯ ನೆರಳು
ಹೊತ್ತು ವಾಲಿದಂತೆಲ್ಲ ಹಂಚಿಕೊಂಡವರು.

ದಸರೆಯ ಆಹಾರ ಮೇಳ. ಮೈದಾನದ ತುಂಬ ಹೊಗೆ.
ಇನ್ನೂರಕ್ಕೆ ಕೂಪನ್ನು ಕೊಂಡು
ಸೆರಗಿನ ತುದಿಗೆ ಗಂಟು ಹಾಕಿದೆ.
'ಎರಡು ತಟ್ಟೆ ಬ್ಯಾಡ ಕಣೇ' ಅಂದಳು ನಸೀಮಾ,
'ಎಲ್ಲದರಲ್ಲೂ ಅರ್ಧ ಅರ್ಧ.
ಹೊಟ್ಟೆ ಇರೋದು ಒಂದು, ಅಂಗಡಿ ನೂರು.'

ಮೊದಲು ವಿಜಯಪುರದವರ ರೊಟ್ಟಿ.
ತಟ್ಟುವಾಕೆ ನಮ್ಮ ಮುಖ ನೋಡಲೇ ಇಲ್ಲ,
ಅಂಗೈ ಮಾತ್ರ ನೋಡಿಕೊಂಡಳು.
ಆ ಬಡಿತ ಕೇಳಿಯೇ ಗೊತ್ತಾಯಿತು ನನಗೆ
ಬೆಳಿಗ್ಗೆಯಿಂದ ಅಲ್ಲಿಂದ ಎದ್ದಿಲ್ಲ ಆಕೆ,
ಒಂದಕ್ಕೂ.
ಎಣ್ಣೆಗಾಯಿಯ ಖಾರಕ್ಕೆ ನಸೀಮಾಳ ಮೂಗು ಸೋರಿತು.
ಪಾಪ, ಪರಂಗಿಹಣ್ಣಿನ ಮೂಗು.

ಹಾಡಿಯ ಹುಡುಗ ಬಿದಿರು ಸೀಳಿದ,
ಒಳಗಿಂದ ಅನ್ನ ಉಸಿರು ಬಿಟ್ಟಿತು.
ಕೋಟೆ ಕಡೆಯಿಂದ ಮೊದಲ ಬಸ್ಸಿಗೆ ಬಂದನಂತೆ,
'ಬಿದಿರಿಗೂ ಟಿಕೆಟ್ ಹರಿದ್ರು ಅಕ್ಕ'
ಅಂತ ನಕ್ಕ.
'ಕೋಳಿದು ಬೇಡ, ಅಣಬೆದು ಕೊಡು' ಅಂದಳು ನಸೀಮಾ.
ಯಾಕೆ ಅಂತ ನಾನು ಕೇಳಲಿಲ್ಲ.
ನನ್ನ ಶನಿವಾರಗಳನ್ನು ಅವಳು ಕೇಳಿದವಳಲ್ಲ.

ಮದ್ದೂರು ವಡೆ ರೈಲಿನಲ್ಲಿ ತಿಂದ ಹಾಗಿರಲಿಲ್ಲ.
ಅಲ್ಲಾಡದ ನೆಲದ ಮೇಲೆ
ತಾನು ಯಾರೆಂಬುದೇ ಮರೆತಂತಿತ್ತು ಅದಕ್ಕೆ.

ಅತ್ತ ಮುದ್ದೆ ನುಂಗುವ ಸ್ಪರ್ಧೆ, ಮೈಕಿನಲ್ಲಿ ಎಣಿಕೆ.
ಪಾಂಡವಪುರದವನೊಬ್ಬ ಆರನೆಯದಕ್ಕೆ ಕಣ್ಣು ಮುಚ್ಚಿದ.
'ಮನೇಲಿ ಒಂದಕ್ಕೇ ಸಾಕು ಅಂತಾನೆ ಈವಯ್ಯ'
ಅಂದಳು ಅವನ ಹೆಂಡತಿ, ಯಾರಿಗೂ ಅಲ್ಲದಂತೆ.

ಆಗ ಕಂಡಿತು ಮೂಲೆಯ ಗಾಡಿ.
ಕೈಗವಸು ತೊಟ್ಟ ಹುಡುಗ, ಮಿನುಗುವ ದೀಪದ ಬೋರ್ಡು,
'ರಾಯಲ್ ಚುರುಮುರಿ. ಅರವತ್ತು.'
'ಥೂ, ದುಡ್ಡು ದಂಡ. ನೀನೇ ಮಾಡೋದಲ್ವಾ' ಅಂದಳು ನಸೀಮಾ.
ನನ್ನ ಕಾಲು ಅಲ್ಲಿಂದ ಕೀಳಲಿಲ್ಲ.

ಪುರಿ ಮೊದಲು ಸುರಿದ, ಎಣ್ಣೆ ಆಮೇಲೆ: ತಪ್ಪು.
ನಿಂಬೆಯನ್ನು ಬೀಜದ ಸಮೇತ ಹಿಂಡಿದ: ತಪ್ಪು.
ಚಮಚವನ್ನು ಡಬರಿಯ ಕಂಠಕ್ಕೆ ಎರಡು ಸಲ ಬಡಿದ.
ಅದು ಸರಿ.
ಅದನ್ನು ಯಾರೂ ಹೇಳಿಕೊಡುವುದಿಲ್ಲ.

ಪೊಟ್ಟಣ ನನ್ನ ಕೈಗಿಟ್ಟ.
ಹನ್ನೊಂದು ವರ್ಷ, ದಿನಕ್ಕೆ ನೂರು ಅಂದರೂ
ಲೆಕ್ಕ ತಲೆಗೆ ಹತ್ತುವುದಿಲ್ಲ.
ಡಬರಿಯ ತಳದ ಪುಡಿ ತಿಂದಿದ್ದೇನೆ,
ಮೆತ್ತಗಾದ ಪುರಿ ತಿಂದಿದ್ದೇನೆ,
ಉಪ್ಪು ನೋಡಲು ಬೆರಳ ತುದಿ ನೆಕ್ಕಿದ್ದೇನೆ.
ನನಗೇ ಅಂತ ಒಬ್ಬರು ಕಲಸಿದ್ದು
ಇದೇ ಮೊದಲು.

'ಹೇಗಿದೆ ಆಂಟಿ?' ಅಂದ.
'ಉಪ್ಪು ಒಂದ್ಚೂರು' ಅಂತ ಬಾಯಿಗೆ ಬಂದದ್ದನ್ನು
ಪುರಿಯ ಜೊತೆ ನುಂಗಿಕೊಂಡೆ.
ಅವನು ಕಾಯುತ್ತಿದ್ದ.
ತಲೆಯಾಡಿಸಿದೆ, ಚೆನ್ನಾಗಿದೆ ಅನ್ನುವ ಹಾಗೆ.
ಚೆನ್ನಾಗಿಯೂ ಇತ್ತು.

ಇದೊಂದರಲ್ಲಿ ನಸೀಮಾ ಪಾಲು ಕೇಳಲಿಲ್ಲ.
ಬಲೂನಿನವನ ಕಡೆ ನೋಡುತ್ತ ನಿಂತಿದ್ದಳು
ನಾನು ತಿಂದು ಮುಗಿಸುವವರೆಗೂ.

ಉಳಿದದ್ದು ಹತ್ತರ ಒಂದು ಕೂಪನ್ನು.
ಹತ್ತಕ್ಕೆ ಅಲ್ಲಿ ಏನೂ ಬರುವುದಿಲ್ಲ,
ನಾಳೆಗೆ ಅದು ಸಲ್ಲುವುದೂ ಇಲ್ಲ.
ತಂದು ಚಿಲ್ಲರೆ ಡಬ್ಬಿಗೆ ಹಾಕಿದೆ.

ಮರುದಿನ ಸಂಜೆ ಈರುಳ್ಳಿ ಹೆಚ್ಚುತ್ತಿದ್ದೆ.
ಕೆರೆ ಸುತ್ತು ಮುಗಿಸಿ ಬಂದರು ಪಟೇಲ್ ಮೇಷ್ಟ್ರು,
'ನಿನ್ನೆ ಕಾಣಲೇ ಇಲ್ಲವಲ್ಲಮ್ಮ' ಅಂದು
ಯಾವತ್ತಿನಂತೆ ಕೈ ಚಾಚಿದರು.
ಕಲಸಿದೆ, ಕಂಠಕ್ಕೆ ಎರಡು ಸಲ ಬಡಿದೆ, ಕೊಟ್ಟೆ.
ನಾಲ್ಕು ಕಾಳು ಬಾಯಿಗೆ ಹೋಗಲಿ ಅಂತ ತಡೆದು
'ಹೇಗಿದೆ ಸಾರ್?' ಅಂದೆ.

ಅಗಿಯುವುದನ್ನು ನಿಲ್ಲಿಸಿದರು.
ಪೊಟ್ಟಣ ನೋಡಿದರು, ನನ್ನ ನೋಡಿದರು.
'ಯಾಕಮ್ಮ,
ರೇಟು ಏರಿಸ್ತೀಯಾ?'