ಕೊನೇ ಕೇಸು

ನನ್ನ ಮೇಜಿನ ಮೇಲೆ ಎರಡು ಪೆನ್ನು.
ನೀಲಿಯದು ಸರ್ಕಾರ ಕೊಟ್ಟದ್ದು,
ಕೆಂಪಿನದು ನಾನೇ ಕೊಂಡದ್ದು,
ಪೇಟೆಬೀದಿಯಲ್ಲಿ, ಐದು ರೂಪಾಯಿಗೆ.
ಬರೆ ಎಂದು ಯಾರೂ ಆದೇಶ ಹೊರಡಿಸಿಲ್ಲ.
ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಶಿವನಂಜಪ್ಪನವರು
ನಿವೃತ್ತಿಯ ದಿನ ಬೀರುವಿನ ಕೀ ಕೊಟ್ಟು ಹೇಳಿದ್ದರು:
"ಅಂಥವರ ಫೈಲಿನ ಮೂಲೆಗೊಂದು ಗೀಟು ಎಳಿ.
ಒಳಗಿನವರಿಗೆ ಅನುಕೂಲ."

ಅಂಥವರು.
ಮಂಡ್ಯದಲ್ಲಿ ಈ ಪದಕ್ಕೆ ಅರ್ಥ ಕೇಳುವವರಿಲ್ಲ.

ಹೊಂಬಾಳಮ್ಮ, ನಲವತ್ತೊಂದು,
ಬಸರಾಳಿನ ಕಡೆಯ ಆಲೆಮನೆಯಲ್ಲಿ
ಒಲೆಗೆ ಕಬ್ಬಿನ ಸಿಪ್ಪೆ ತುರುಕುವ ಕೆಲಸ,
ಪಿತ್ತಕೋಶದಲ್ಲಿ ಕಲ್ಲು.
ಬಂದ ದಿನ ಸೆರಗಿಗೆಲ್ಲ ಹೊಗೆ,
ಕೈಯಲ್ಲಿ ಪೇಪರು ಸುತ್ತಿದ ಒಂದು ಅಚ್ಚು ಬೆಲ್ಲ.
"ಇನ್ನೂ ಬಿಸಿ ಅದೆ, ತಕ್ಕೊ ಕಣಪ್ಪ."
ತಕ್ಕೊಂಡೆ. ಡ್ರಾಯರಿನಲ್ಲಿಟ್ಟೆ.
ಆಮೇಲೆ ಲ್ಯಾಬಿನ ಚೀಟಿ ಬಂತು.
ಗೀಟು ಎಳೆದೆ.
ಬೆಲ್ಲ ಏನಾಯಿತೆಂದು ಈಗಲೇ ಕೇಳಬೇಡಿ.

ಸೋಮವಾರ ರಾತ್ರಿಯಿಂದ ಹನಿ ನೀರಿಲ್ಲದೆ ಕೂತಳು.
ಮಂಗಳವಾರ ಹರ್ನಿಯಾ ಹೋಯಿತು, ಅಪೆಂಡಿಕ್ಸು ಹೋಯಿತು,
ಯಾರದೋ ಶಿಫಾರಸಿನ ಗಂಟೊಂದು ನಡುವೆ ನುಸುಳಿತು.
ಸಂಜೆ ನಾಲ್ಕಕ್ಕೆ ಒಳಗಿನಿಂದ ಮಾತು:
"ಅದು ಕೊನೇ ಕೇಸು, ಆಮೇಲೆ ಥಿಯೇಟರು ತೊಳೀಬೇಕು.
ಇವತ್ತು ತೊಳೆಯೋರಿಲ್ಲ."

ಬುಧವಾರ ಮತ್ತೆ ಉಪವಾಸ. ಕಿಟ್ಟು ಬಂದಿಲ್ಲ.
ಗುರುವಾರ ಮತ್ತೆ. ಅರಿವಳಿಕೆಯವರು ರಜೆ.
ನರ್ಸಮ್ಮ ಕೈಗೆ ಎರಡೆರಡು ಗ್ಲೌಸು ತೊಟ್ಟು ಬಿ.ಪಿ. ನೋಡಿದಳು,
ಪಕ್ಕದ ಮಂಚದವಳು ಗ್ಲೌಸು ಎಣಿಸಿದಳು.
ಸಂಜೆಯೊಳಗೆ ಪಕ್ಕದ ಮಂಚ ಖಾಲಿ.
ಊಟದ ಗಾಡಿಯವನು ಮುದ್ದೆಯನ್ನು
ಮೊಳದೆತ್ತರದಿಂದ ಬಿಟ್ಟ,
ತಟ್ಟೆಗೆ ಬೆರಳು ತಾಗದ ಹಾಗೆ.
ಥಪ್.
ಅವಳು ನಕ್ಕಳಂತೆ:
"ನಮ್ಮವ್ವಂಗೂ ನೀರು ಹಿಂಗೇ ಹುಯ್ತಿದ್ರು,
ಬೊಗಸೆಗೆ, ಮೇಲಿಂದ.
ಅವ್ವಂಗೆ ಕಾಯ್ಲೆ ಏನೂ ಇರ್ನಿಲ್ಲ."

ಶುಕ್ರವಾರ ನನ್ನ ಕಿಟಕಿಗೆ ಬಂದಳು, ಫೈಲು ಹಿಡಿದು.
"ಓದಕ್ಕೆ ಬರಕ್ಕಿಲ್ಲ ನಂಗೆ.
ಮಗಳ ಪುಸ್ತಕದಲ್ಲೂ ಮೇಷ್ಟ್ರು ಕೆಂಪಲ್ಲೇ ಹಾಕ್ತಾರೆ,
ಸರಿ ಇದ್ರೆ ಒಂಥರ, ತಪ್ಪಿದ್ರೆ ಒಂಥರ.
ಇದು ಯಾವ್ದಪ್ಪ?"

ಗೀಟನ್ನು ನೋಡಿದೆ.
ಸ್ಕೇಲಿಟ್ಟು ಎಳೆದದ್ದು.
ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಈ ಕೈ
ಇಷ್ಟು ನೇರವಾಗಿ ಬೇರೇನನ್ನೂ ಬರೆದಿಲ್ಲ.
ಕೆಮ್ಮಿದೆ. "ಆಫೀಸಿಂದು" ಅಂದೆ.
"ಹಂಗಾ" ಅಂದಳು,
ನಂಬಲಿಲ್ಲವೆಂದು ನನಗೆ ತಿಳಿಯುವಷ್ಟು ಹೊತ್ತು
ಅಲ್ಲೇ ನಿಂತಿದ್ದು.

ಆ ರಾತ್ರಿ ಎಲ್ಲರೂ ಹೋದ ಮೇಲೆ
ಹೊಸ ರಟ್ಟು ತೆಗೆದೆ, ನೀಲಿಯಲ್ಲಿ ಬರೆದೆ.
ಒಳಗಿನ ಕಾಗದ ಒಳಗೇ ಇತ್ತು, ನೋಡಬೇಕಾದವರಿಗೆ.
ಮೂಲೆ ಮಾತ್ರ ಬರಿದು.
ಪಟ್ಟಿ ಟೈಪು ಮಾಡುವವನು ನಿದ್ದೆಗಣ್ಣಲ್ಲಿ
ಮೇಲಿದ್ದ ಫೈಲನ್ನು ಮೊದಲು ಎತ್ತಿಕೊಂಡ.

ಶನಿವಾರ ಎಂಟೂವರೆಗೆ
ಹೊಂಬಾಳಮ್ಮ ಎಂದು ಕೂಗಿದರು, ಎಲ್ಲರಿಗಿಂತ ಮೊದಲು.
ಇನ್ನೊಮ್ಮೆ ಕೂಗಿದರು.
ಮಂಚದ ಮೇಲೆ ಆಸ್ಪತ್ರೆಯ ಹೊದಿಕೆ, ನಾಲ್ಕು ಮಡಿಕೆ,
ಅವಳೇ ಮಡಚಿಟ್ಟದ್ದು.
"ಇವರ ಹಣೆಬರಾನೇ ಇಷ್ಟು" ಅಂದರು ಯಾರೋ,
ಎರಡನೆಯ ಹೆಸರಿಗೆ ಹೋದರು.

ಡ್ರಾಯರು ಎಳೆದೆ.
ಬೆಲ್ಲ ಎಸೆದಿರಲಿಲ್ಲ ನಾನು. ತಿಂದೂ ಇರಲಿಲ್ಲ.
ಕೆಂಪಿರುವೆ ಮುತ್ತಿತ್ತು,
ಡ್ರಾಯರಿನಿಂದ ಮೇಜಿಗೆ, ಮೇಜಿನಿಂದ ಗೋಡೆಗೆ, ಸಾಲು.
ಕೊಡವಿ ಒಂದು ಚೂರು ಮುರಿದು ಬಾಯಿಗಿಟ್ಟೆ.
ಹೊಗೆ. ಒಂದೆರಡು ಇರುವೆ ನಾಲಿಗೆಗೆ ಕಚ್ಚಿದವು.

ಕ್ಯಾಂಟೀನಿನ ಹುಡುಗನನ್ನು ಕೇಳಿದೆ,
ಬಸರಾಳಿನ ಬಸ್ಸು ಎಷ್ಟೊತ್ತಿಗೆ ಎಂದು.
"ಯಾರನ್ನ ನೋಡಕ್ಕೆ ಸಾರ್?"
ಹೆಸರು ಹೇಳಿದೆ.
ಬರೀ ಹೆಸರು.