ಕಣ್ಣು ಒಂದು ಗೇಣು ಮುಂದ

ಖರೆ ಹೇಳ್ತೀನಿ, ನಾಲ್ಕು ತಿಂಗಳು
ರುಕ್ಮೋದ್ದಿನ್ ಮಾಸ್ತರಿಗೆ ಮೋಸ ಮಾಡಿದೆ.

ಸ್ವರ ಬರೆದ ಹಾಳಿ ಕೈಗಿಟ್ಟು
"ಓದವ್ವ" ಅಂದಾಗೊಮ್ಮೆ
ಚಾಳೀಸು ಬಂದ ಮುದುಕಿಯಂಗ ದೂರ ಹಿಡಿದು
"ಒಮ್ಮಿ ಪೇಟಿ ಮ್ಯಾಲ ತೋರಸ್ರಿ ಸರ್" ಅಂತಿದ್ದೆ.
ಒಮ್ಮಿ ಸಾಕು.
ನನ್ನ ಕಿವಿ ಬೆಲ್ಲದ ಮ್ಯಾಲಿನ ನೊಣ,
ಕುಂತಿತಂದ್ರ ಏಳೂದಿಲ್ಲ.
ಸಾಲಿನ ಕೆಳಗ ಬೆರಳು ಜಾರಿಸುತ್ತ
ಓದಿದಂಗ ಹಾಡ್ತಿದ್ದೆ.
ಬ್ರಹ್ಮಪುರದ ಆ ಮಾಳಿಗಿ ಖೋಲಿಯೊಳಗ
ಎಲ್ಲಾರೂ ತಲಿ ತೂಗ್ತಿದ್ರು.

ಒಂದು ಐತವಾರ ಹಾಡು ಮುಗಿದ ಮ್ಯಾಲ
ಪೇಟಿಯ ಭಾತೆ ಮುಚ್ಚಿ ಕೇಳಿದ್ರು:
"ಗ ಅಕ್ಷರದ ಬುಡಕ ಗೀಟು ಅದೇನು?"
ನೋಡಿದೆ. ಇತ್ತು.
"ನಾ ನುಡಿಸಿದ್ದು ಗೀಟಿಲ್ಲದ್ದು. ಬೇಕಂತಲೇ.
ನೀ ಹಾಡಿದ್ದೂ ಗೀಟಿಲ್ಲದ್ದು.
ನೀ ಓದಿದ್ದು ಹಾಳಿಯೋ, ನನ್ನ ಬೆರಳೋ?"

ಬೈಲಿಲ್ಲ. ಬೈದಿದ್ರ ಹಗುರಾಗ್ತಿತ್ತು.
ಚಾ ತರಿಸಿ, ಬಸಿಗೆ ಸುರುವಿ, ಊದುತ್ತ ಅಂದ್ರು:
"ಕಿವಿ ಛಲೋ ಅದ ನಿಂದು.
ಆದ್ರ ಕಿವಿ ಅನ್ನೂದು ಕೂಸು,
ಯಾರರ ಮುಂದ ನಡೀಬೇಕು, ಅದು ಹಿಂದ ಬರ್ತದ.
ನಾಟಕದವರಿಗೆ ಅಷ್ಟು ಪುರಸೊತ್ತಿಲ್ಲ.
ನಾಯಕಿಗೆ ಗಂಟಲು ಕಟ್ಟತದ,
ಸೀನು ಕತ್ತರಸ್ತಾರ, ಹಾಡು ಬದಲಾಗ್ತದ,
ಪರದೆ ಏಳಲಕ ಅರ್ಧ ತಾಸು ಇದ್ದಾಗ
ಹಾಳಿ ಬರ್ತದ, ಹೇಳಿಕೊಡಾಂವ ಬರೂದಿಲ್ಲ."

ಆ ರಾತ್ರಿಯಿಂದ ಓದಲಕ ಕುಂತೆ.
ತಲಿ ಮ್ಯಾಲ ಚುಕ್ಕಿ ಇದ್ರ ಮೇಲಿನ ಸ,
ಕಾಲಾಗಿದ್ರ ಕೆಳಗಿನ ಸ.
ಒಂದು ಚುಕ್ಕಿಗೆ ಇಷ್ಟು ಕಿಮ್ಮತ್ತು!
ಸಣ್ಣ ಪೋರಿಯಂಗ ಅಕ್ಷರ ಅಕ್ಷರ ಕುಟ್ಟಿದೆ.
ಹಾಡಾಗಲಿಲ್ಲ,
ಸಂತಿಯ ಯಾದಿ ಆಯ್ತು.

ನಾನು ಕಪನೂರಿನ ದಾಲ್‌ಮಿಲ್ಲಿನಾಗ
ತೊಗರಿಬ್ಯಾಳಿ ಹಸನು ಮಾಡಾಕಿ.
ಪಟ್ಟಾ ಓಡ್ತಿರ್ತದ, ಬ್ಯಾಳಿ ಬರ್ತಿರ್ತದ,
ಉಚ್ಚಿ ಬಂದ್ರೂ ನಿಲ್ಲೂದಿಲ್ಲ.
ಕೆಲಸಕ್ಕ ಸೇರಿದ ದಿನ
ಬಾಜೂ ಕುಂತ ಮಾಪಮ್ಮಕ್ಕ ಹೇಳಿದ್ದಳು:
"ಕೈಯಾಗಿನ ಹರಳು ನೋಡಬ್ಯಾಡ, ಹುಚ್ಚಿ.
ಅದು ಕೈಗೆ ಗೊತ್ತದ.
ಕಣ್ಣು ಒಂದು ಗೇಣು ಮುಂದಿರಲಿ."

ಐದು ವರ್ಷ ದಿನಾ ಎಂಟು ತಾಸು ಮಾಡಿದ್ದು
ಒಂದು ಮಂಗಳವಾರ ತಿಳೀತು.
ಪಟ್ಟಾದ ಮ್ಯಾಲ ಹಳದಿ ಸ, ಹಳದಿ ರಿ,
ಅಗೋ, ಗೀಟು ಹೊತ್ತ ಗ, ಕರಿ ಹರಳು.
ನಡುವ ಖಾಲಿ ಜಾಗ ಬಂತು,
ಅಲ್ಲಿ ಉಸಿರು ತಗೊಂಡೆ.
ಮಾಪಮ್ಮಕ್ಕ ಕೇಳಿದಳು, "ಯಾಕ ನಗ್ತಿ?"
ದೂಳು, ಅಂದೆ.

ಆಯ್ಕೆಯ ದಿನ ಹಾಲಿನಾಗ ಮೂವತ್ತೆರಡು ಹುಡುಗಿಯರು.
ಎಲ್ಲರ ಫೋನಿನಾಗೂ ಬಾಯಿಪಾಠದ ಹಾಡು.
ಅವರು ಕೊಟ್ಟದ್ದು ಬ್ಯಾರೆ:
ಸತ್ತುಹೋದ ಯಾವನೋ ಪೇಟಿಯವನ ಹಳೇ ವಹಿ,
ಅಂಚಿಗೆ ಗೆದ್ದಲು ಹತ್ತಿದ್ದು.
ಆ ಧಾಟಿ ಕೇಳಿದವರು ಹಾಲಿನಾಗ ಒಬ್ಬರೂ ಇಲ್ಲ.
ಪೇಟಿಯವನು ಕೈ ಕಟ್ಟಿ ಕುಂತಿದ್ದ.
"ಒಮ್ಮಿ" ಅನ್ನೂದು ನಾಲಿಗಿ ತುದಿಗೆ ಬಂತು.
ನುಂಗಿದೆ.

ಕಣ್ಣು ಮುಂದ, ದನಿ ಹಿಂದ,
ಗುರುತಿಲ್ಲದ ಓಣಿಯೊಳಗ ಬೋರ್ಡು ಓದಿಕೋತ ಹೋದಂಗ ಹೋದೆ.
ಮೂರನೇ ಸಾಲಿನಾಗ ಗೆದ್ದಲು ಒಂದು ಸ್ವರ ತಿಂದಿತ್ತು.
ಇಲ್ಲಿ ಪ ಇರಬೇಕು, ಅಂತು ಕಿವಿ.
ಇಟ್ಟೆ. ಕುಂತಿತು.
ನಾಲ್ಕು ತಿಂಗಳ ಕಳ್ಳಕಿವಿ, ಒಂದೇ ಒಂದು ಸಲ
ಕೂಲಿ ಮಾಡಿತು.
ಅಂತರಾದಾಗ ಒಂದು ಗೀಟು ತಪ್ಪಿದೆ.
ತಪ್ಪಿದ್ದು ನನಗ ಗೊತ್ತು, ಅವರಿಗೆ ಗೊತ್ತು.
ನಿಲ್ಲಲಿಲ್ಲ.
ಪಟ್ಟಾ ಯಾವತ್ತು ನಿಂತದ?

ನಾಯಕಿ ಪಾತ್ರ ಆಳಂದದಾಕಿಗೆ ಹೋಯ್ತು, ಎತ್ತರ ಇದ್ದಳು.
ನನಗ ಸಖಿ.
ಎರಡು ಹಾಡು, ಒಂದು ಅಳು,
ಮತ್ತ ಯಾರರ ಜಡ್ಡಿಗೆ ಬಿದ್ರ ಅವರ ಹಾಡೂ ನಂದೇ.

ಮಾಸ್ತರಿಗೆ ಫೋನ್ ಹಚ್ಚಿದೆ.
"ಎಷ್ಟು ತಪ್ಪಿದಿ?"
"ಒಂದು ಹರಳು ಉಳೀತ್ರಿ, ಸರ್."
ಅತ್ತಕಡಿ ಬಸಿ ಊದೋ ಸಪ್ಪಳ.
"ಇರಲಿ, ಯಾರದರ ಹಲ್ಲಿಗೆ ಸಿಕ್ಕಿರ್ತದ.
ಐತವಾರ ಬಾ. ಹೊಸಾ ಹಾಳಿ ತಂದಿಡ್ತೀನಿ.
ಪೇಟಿ ತರೂದಿಲ್ಲ."