ಬೆಸುಗೆ

ನಾನೂರು ಕೋಟಿಯಂತೆ. ಕನ್ನಡಕಕ್ಕೆ ಮೂವತ್ತು ರೂಪಾಯಿ ಬೇರೆ.
ಪಕ್ಕದಲ್ಲಿ ದಸ್ತಗೀರ್, ಭದ್ರಾವತಿಯ ವೆಲ್ಡರ್,
ಇದಕ್ಕೆಂದೇ ರಜೆ ಹಾಕಿ ಬಂದವನು.

ಗ್ರಹ ಸಿಡಿಯಿತು. ದೇವತೆಯೊಬ್ಬಳು ಯಂತ್ರವಾದಳು,
ಯಂತ್ರ ಮತ್ತೆ ಕುದುರೆಯಾಯಿತು.
ಯಾರು ಯಾರಿಗಾಗಿ ಸಾಯುತ್ತಿದ್ದಾರೆಂದು
ಕೇಳಲೂ ಬಿಡದಷ್ಟು ಸದ್ದು.

ಆಕಾಶದ ಹಡಗು ಇಳಿದಾಗ ಮಾತ್ರ
ಅವನು ಮುಂದೆ ಬಾಗಿದ,
ಕನ್ನಡಕ ತೆಗೆದ, ಒರೆಸಿ ಮತ್ತೆ ಹಾಕಿದ.
‘ನೋಡು, ಎಲ್ಲೂ ಒಂದು ಬೆಸುಗೆ ಇಲ್ಲ.
ಯಾರೂ ಮಾಡಿದ್ದಲ್ಲ ಇದು.’

ಕಡೆಯ ಬಸ್ಸು. ತುಂಗೆಯ ಸೇತುವೆ.
ಮುಂದಿನ ಸೀಟಿನ ಸರಳಿನಲ್ಲಿ
ಗಂಟುಗಂಟಾಗಿ ಕೂತ ಬೆಸುಗೆಯೊಂದನ್ನು
ಹೆಬ್ಬೆರಳಿನಿಂದ ಸವರುತ್ತಲೇ ಇದ್ದ,
ವಿದ್ಯಾನಗರ ದಾಟುವವರೆಗೂ.
‘ಯಾವನೋ ಅವಸರದಲ್ಲಿ ಹಾಕಿದ್ದಾನೆ, ಬಡ್ಡಿಮಗ’
ಅಂದ.
ಸಿನಿಮಾದ ಬಗ್ಗೆ ಒಂದು ಮಾತಿಲ್ಲ.